ಮಾತ್ರೆಯ ಡಬ್ಬಿಯೂ ಮನಸ್ಸಿನ ಗುಟ್ಟೂ



ನಮ್ಮ ಮನೆಗಳಲ್ಲಿ ಮಾತ್ರೆಯ ಡಬ್ಬಿಯೊಂದು ಇದ್ದೇ ಇರುತ್ತದೆ. ಹಳೆಯ ಬಿಸ್ಕತ್ತಿನ ಡಬ್ಬಿಯೋ, ಪ್ಲಾಸ್ಟಿಕ್ ಬುಟ್ಟಿಯೋ, ಊಟದ ಮೇಜಿನ ಮೂಲೆಯಲ್ಲಿ ಅದಕ್ಕೊಂದು ಕಾಯಂ ಜಾಗ. ಅಪ್ಪನ ಬಿ.ಪಿ. ಮಾತ್ರೆ, ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ, ಸೊಸೆಯ ಥೈರಾಯಿಡ್ ಮಾತ್ರೆ ಎಲ್ಲವೂ ಅದರಲ್ಲಿ ಒಟ್ಟಿಗೆ ವಾಸಿಸುತ್ತವೆ. ಭಾನುವಾರದ ಬಲಿಪೂಜೆ ಮುಗಿಸಿ ದೇವಾಲಯದ ಅಂಗಳದಲ್ಲಿ ನಿಂತಾಗ ಇವುಗಳ ವಿಷಯವನ್ನು ಮುಚ್ಚುಮರೆಯಿಲ್ಲದೆ ಮಾತನಾಡಿಕೊಳ್ಳುತ್ತೇವೆ. ಆದರೆ ಆ ಡಬ್ಬಿಯೊಳಗೆ ಸೇರದ ಮಾತ್ರೆಯೊಂದಿದೆ. ಅದು ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿರುತ್ತದೆ, ಇಲ್ಲವೇ ಕೈಚೀಲದ ಒಳಜೇಬಿನಲ್ಲಿರುತ್ತದೆ. ಅದು ಮನಸ್ಸಿನ ಆತಂಕಕ್ಕೆ ವೈದ್ಯರು ಬರೆದುಕೊಟ್ಟ ಮಾತ್ರೆ.

ಬಚ್ಚಿಡುವುದು ನಾಚಿಕೆಯ ವಿಷಯವಾಗಿಯೇ ಉಳಿದಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಅದು ಪ್ರಾಣದ ವಿಷಯವೂ ಹೌದು. ನಾವು ಮಾತ್ರೆಗಳನ್ನು ಬೇರೆಬೇರೆ ಕಡೆ ಬಚ್ಚಿಡಬಹುದು. ನುಂಗಿದ ಮೇಲೆ ಅವೆಲ್ಲವೂ ಸೇರುವುದು ಒಂದೇ ರಕ್ತದಲ್ಲಿ. ಮಂಡಿನೋವಿನ ವೈದ್ಯರಿಗೆ ತಿಳಿಯದ ಮಾತ್ರೆ, ಮನೋವೈದ್ಯರಿಗೆ ತಿಳಿಯದ ಕೆಮ್ಮಿನ ಔಷಧ, ಯಾರಿಗೂ ತಿಳಿಯದ ಒಂದು ಲೋಟ ವೈನು ಇವು ಒಂದನ್ನೊಂದು ಸಂಧಿಸಿದಾಗ ಏನಾಗುತ್ತದೆ ಎಂಬುದನ್ನು ನಾವು ತಿಳಿದಿರಬೇಕು.

ನಾನೂ ಈ ಮಾತ್ರೆಗಳನ್ನು ಸೇವಿಸಿದವಳು. ಶಾಲೆಯ ಕೆಲಸದಿಂದ ನಿವೃತ್ತಳಾದ ಮರುವರ್ಷ ಕಾರಣವಿಲ್ಲದೆ ಎದೆ ಹೊಡೆದುಕೊಳ್ಳಲಾರಂಭಿಸಿತು. ಬಲಿಪೂಜೆಯ ನಡುವೆ ಉಸಿರು ಕಟ್ಟಿದಂತಾಗುವುದು, ರಾತ್ರಿ ಎರಡು ಗಂಟೆಗೆ ಬೆವರಿ ಎಚ್ಚರವಾಗುವುದು ದಿನನಿತ್ಯದ ಮಾತಾಯಿತು. ಹೃದಯದ ಕಾಯಿಲೆಯೆಂದು ಹೆದರಿ ಪರೀಕ್ಷೆ ಮಾಡಿಸಿದರೆ ಇ.ಸಿ.ಜಿ. ಸರಿಯಿತ್ತು, ರಕ್ತಪರೀಕ್ಷೆಯೂ ಸರಿಯಿತ್ತು. ನಮ್ಮ ಕುಟುಂಬ ವೈದ್ಯರು ಮೃದುವಾಗಿಯೇ, "ಟೀಚರ್, ಇದು ಆತಂಕದ ಕಾಯಿಲೆ. ಒಮ್ಮೆ ಮನೋವೈದ್ಯರನ್ನು ನೋಡಿ" ಎಂದರು. ಹಾಗೆ ನನ್ನ ಕೈಗೆ ಬಂದ ಚೀಟಿಯಲ್ಲಿ ಒಂದಲ್ಲ, ಎರಡು ಮಾತ್ರೆಗಳಿದ್ದವು. ಬೆಳಿಗ್ಗೆ ಎಸ್ಸಿಟಾಲೊಪ್ರಾಮ್, ರಾತ್ರಿ ಸಣ್ಣ ಪ್ರಮಾಣದ ಕ್ಲೊನಾಜೆಪಾಮ್.

ಒಂದೇ ಕಾಯಿಲೆಗೆ ಎರಡು ಮಾತ್ರೆ ಏಕೆ ಎಂದು ಕೇಳಿದೆ. ಮನೋವೈದ್ಯೆ ನಕ್ಕು, "ಒಂದು ಬಾವಿ ತೋಡುವ ಕೆಲಸ, ಇನ್ನೊಂದು ಬಾವಿಯಲ್ಲಿ ನೀರು ಬರುವವರೆಗೆ ಪಕ್ಕದ ಮನೆಯಿಂದ ತರುವ ಕೊಡ" ಎಂದರು. ಈ ಮಾತಿನಲ್ಲಿ ಇಡೀ ಚಿಕಿತ್ಸೆಯ ಸಾರವಿದೆ. ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲುಯೊಕ್ಸೆಟಿನ್ ಮೊದಲಾದವು ಒಂದು ಕುಟುಂಬದವು. ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೂಲಕ ಇವು ಕೆಲಸ ಮಾಡುತ್ತವೆ. ಇವುಗಳ ಫಲ ಕಾಣಲು ಸಾಮಾನ್ಯವಾಗಿ 2 ರಿಂದ 6 ವಾರಗಳು ಬೇಕು. ಮೊದಲ ಒಂದೆರಡು ವಾರ ಕೆಲವರಲ್ಲಿ ಚಡಪಡಿಕೆ ಹೆಚ್ಚುವುದೂ ಉಂಟು. ಕ್ಲೊನಾಜೆಪಾಮ್, ಅಲ್ಪ್ರಾಜೋಲಾಮ್, ಲೊರಾಜೆಪಾಮ್, ಡಯಾಜೆಪಾಮ್ ಮತ್ತೊಂದು ಕುಟುಂಬದವು. ಇವುಗಳನ್ನು ಬೆಂಜೊಡಯಾಜೆಪಿನ್‌ಗಳೆಂದು ಕರೆಯುತ್ತಾರೆ. ಮಿದುಳನ್ನು ತಣಿಸುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಇವು ಹೆಚ್ಚಿಸುತ್ತವೆ. ಬಹುಮಟ್ಟಿಗೆ ಒಂದು ಗಂಟೆಯೊಳಗೆ ಸಮಾಧಾನ ಸಿಗುತ್ತದೆ. ಆದರೆ ಬಹಳ ಕಾಲ ಸೇವಿಸಿದರೆ ದೇಹ ಇವಕ್ಕೆ ಒಗ್ಗಿಹೋಗಿ, ಬಿಡುವುದು ಕಷ್ಟವಾಗುತ್ತದೆ. ಆದುದರಿಂದಲೇ ಎರಡನ್ನೂ ಒಟ್ಟಿಗೆ ಆರಂಭಿಸಿ, ಮೊದಲನೆಯದು ಕೈಹಿಡಿದ ಮೇಲೆ ಎರಡನೆಯದನ್ನು ಕೆಲವೇ ವಾರಗಳಲ್ಲಿ ಮೆಲ್ಲಮೆಲ್ಲನೆ ಇಳಿಸುವುದು ವೈದ್ಯರ ಕ್ರಮ. ಮೊದಲನೆಯದನ್ನು ಗುಣ ಕಂಡ ಮೇಲೂ ಹಲವು ತಿಂಗಳು ಮುಂದುವರಿಸುತ್ತಾರೆ.

ಇಲ್ಲಿ ಒಂದು ಚರಿತ್ರೆಯ ಮಾತು. ಅಮೆರಿಕದಲ್ಲಿ ಲಿಯೊ ಸ್ಟರ್ನ್‌ಬಾಕ್ ಎಂಬ ರಸಾಯನ ವಿಜ್ಞಾನಿ ಕಂಡುಹಿಡಿದ ಈ ಕುಟುಂಬದ ಮೊದಲ ಮಾತ್ರೆ ಮಾರುಕಟ್ಟೆಗೆ ಬಂದುದು 1960ರಲ್ಲಿ. ಡಯಾಜೆಪಾಮ್ ಬಂದುದು 1963ರಲ್ಲಿ. ಅದಕ್ಕೆ ಮುಂಚಿನ ನಿದ್ರಾಮಾತ್ರೆಗಳಿಗಿಂತ ಇವು ಎಷ್ಟೋ ಸುರಕ್ಷಿತವೆಂದು ಜಗತ್ತು ಸಂತೋಷಪಟ್ಟಿತು. ಆ ಸಂತೋಷದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಬೇರೆ ಪದಾರ್ಥಗಳ ಜೊತೆ ಸೇರಿದಾಗ ಆ ಸುರಕ್ಷತೆ ಉಳಿಯುವುದಿಲ್ಲ ಎಂಬುದು ಕಾಲಕ್ರಮದಲ್ಲಿ ತಿಳಿಯಿತು. ಬೆಂಜೊಡಯಾಜೆಪಿನ್‌ಗಳನ್ನು ಅಫೀಮಿನ ವರ್ಗದ ನೋವಿನ ಔಷಧಗಳ ಜೊತೆ ಸೇವಿಸಿದರೆ ಉಸಿರು ಕುಗ್ಗಿ ಸಾವು ಸಂಭವಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ನೀಡಿತು. 2020ರಲ್ಲಿ ಅಭ್ಯಾಸವಾಗಿಬಿಡುವ ಅಪಾಯದ ಕುರಿತು ಮತ್ತೊಂದು ಎಚ್ಚರಿಕೆಯನ್ನು ಅದು ಸೇರಿಸಿತು.

ನನ್ನ ಚಿಕಿತ್ಸೆಯ ಮೂರನೆಯ ವಾರದಲ್ಲಿ ಮಂಡಿನೋವು ಹೆಚ್ಚಾಯಿತು. ಜನಜಂಗುಳಿಯಿದ್ದ ಆಸ್ಪತ್ರೆಯೊಂದರಲ್ಲಿ ವೈದ್ಯರನ್ನು ಕಂಡೆ. ಬೇರೆ ಯಾವ ಔಷಧ ನಡೆಯುತ್ತಿದೆ ಎಂದು ಅವರು ಕೇಳಲಿಲ್ಲ. ನಾನಾಗಿ ಹೇಳಹೊರಟಾಗ ಮುಂದಿನ ಟೋಕನ್ ಕೂಗಿಯಾಗಿತ್ತು. ಚೀಟಿ ಹಿಡಿದು ನಮ್ಮ ಬೀದಿಯ ಔಷಧಿ ಅಂಗಡಿಗೆ ಬಂದೆ. ಇಪ್ಪತ್ತು ವರ್ಷಗಳಿಂದ ನಮ್ಮ ಮನೆಗೆ ಮಾತ್ರೆ ಕೊಡುವವರು ಅವರು. ಚೀಟಿ ಓದಿ, ನನ್ನ ಮುಖ ನೋಡಿ, "ಅಮ್ಮಾ, ಇದರಲ್ಲಿ ಟ್ರಮಡಾಲ್ ಇದೆ. ನಿಮ್ಮ ಆ ಎರಡು ಮಾತ್ರೆಗಳ ಜೊತೆ ಇದನ್ನು ನಾನು ಕೊಡಲಾರೆ. ಡಾಕ್ಟರಿಗೆ ಒಂದು ಫೋನ್ ಮಾಡೋಣ" ಎಂದರು. ಫೋನ್ ಮಾಡಿದ ಮೇಲೆ ವೈದ್ಯರು ಅದನ್ನು ಬದಲಿಸಿ ಪ್ಯಾರಸಿಟಮಾಲ್ ಸಾಕೆಂದರು.

ಆ ಅಂಗಡಿಯವರು ತಡೆದದ್ದು ಏನನ್ನು ಎಂಬುದನ್ನು ಆಮೇಲೆ ಮನೋವೈದ್ಯೆಯಿಂದ ಕೇಳಿ ತಿಳಿದೆ. ಟ್ರಮಡಾಲ್ ಅಫೀಮಿನ ವರ್ಗದ ನೋವಿನ ಔಷಧ. ಕ್ಲೊನಾಜೆಪಾಮ್ ಜೊತೆ ಸೇರಿದರೆ ಮಂಪರು ಆಳವಾಗಿ ಉಸಿರು ನಿಧಾನವಾಗಬಹುದು. ಸೆರೊಟೋನಿನ್ ಹೆಚ್ಚಿಸುವ ಗುಣವೂ ಅದಕ್ಕಿರುವುದರಿಂದ ಎಸ್ಸಿಟಾಲೊಪ್ರಾಮ್ ಜೊತೆ ಸೇರಿದರೆ ಸೆರೊಟೋನಿನ್ ಮಿತಿಮೀರಬಹುದು. ಆಗ ಬೆವರು, ನಡುಕ, ಚಡಪಡಿಕೆ, ಭೇದಿ, ಜ್ವರ, ಸ್ನಾಯುಗಳ ಬಿಗಿತ, ಗೊಂದಲ ಕಾಣಿಸಿಕೊಳ್ಳುತ್ತವೆ, ಅಪಸ್ಮಾರವೂ ಬರಬಹುದು. ಇದರಲ್ಲಿ ಬೆವರು, ನಡುಕ, ಚಡಪಡಿಕೆ ಮೂರೂ ಆತಂಕದ ಲಕ್ಷಣಗಳೇ! ಕಾಯಿಲೆ ಹೆಚ್ಚಾಯಿತೆಂದು ತಿಳಿದು ರೋಗಿಯು ಇನ್ನೊಂದು ಮಾತ್ರೆ ನುಂಗುವ ಸಂಭವ ಎಷ್ಟೊಂದಿದೆ, ಯೋಚಿಸಿ.

ಒಂದು ಮನೆಯಲ್ಲಿ ಸಾಮಾನ್ಯವಾಗಿ ಎದುರಾಗಬಹುದಾದ ಇನ್ನೂ ಕೆಲವು ಸಂದರ್ಭಗಳನ್ನು ಹೇಳುತ್ತೇನೆ.

ಮೊದಲನೆಯದು ಎರಡು ಹೆಸರಿನ ಒಂದೇ ಔಷಧ. ನನ್ನ ಸಂಕಟ ಕೇಳಿದ ಅಕ್ಕ ಊರಿನಿಂದ ಫೋನ್ ಮಾಡಿ, "ನನ್ನ ಹತ್ರ ನಿದ್ದೆ ಮಾತ್ರೆ ಇದೆ ಕಣೇ, ಒಂದು ಸ್ಟ್ರಿಪ್ ಕಳಿಸಿಕೊಡ್ಲಾ?" ಎಂದಳು. ಹೆಸರು ಓದಿಸಿ ಕೇಳಿದರೆ ಅದು ಅಲ್ಪ್ರಾಜೋಲಾಮ್. ಬೇಡವೆಂದೆ. ಅಕ್ಕನ ಪ್ರೀತಿ ದೊಡ್ಡದು, ಆದರೆ ಅವಳ ಮಾತ್ರೆ ನನ್ನ ರಾತ್ರಿಯ ಮಾತ್ರೆಯ ಒಡಹುಟ್ಟು. ಎರಡೂ ಸೇರಿದರೆ ಒಂದೇ ಔಷಧವನ್ನು ಎರಡು ಪಾಲು ನುಂಗಿದಂತೆಯೇ. ಒಂದೇ ಔಷಧವನ್ನು ಹತ್ತಾರು ಕಂಪನಿಗಳು ಹತ್ತಾರು ಹೆಸರಿನಲ್ಲಿ ಮಾರುತ್ತವೆ. ದೊಡ್ಡ ಅಕ್ಷರದ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಮೂಲ ಹೆಸರನ್ನು ಓದಬೇಕು. ಒಂದೇ ಮಾತ್ರೆಯೊಳಗೆ ಎಸ್ಸಿಟಾಲೊಪ್ರಾಮ್ ಮತ್ತು ಕ್ಲೊನಾಜೆಪಾಮ್ ಎರಡನ್ನೂ ಸೇರಿಸಿ ಮಾರುವುದೂ ನಮ್ಮ ದೇಶದಲ್ಲಿ ರೂಢಿಯಲ್ಲಿದೆ. ಅಂಥ ಮಾತ್ರೆ ಸೇವಿಸುವವರು ಬೇರೆ ನಿದ್ದೆ ಮಾತ್ರೆ ತೆಗೆದುಕೊಂಡರೆ ಲೆಕ್ಕ ತಪ್ಪುತ್ತದೆ.

ಎರಡನೆಯದು ಮದ್ಯ. ನಮ್ಮ ಸಮುದಾಯದಲ್ಲಿ ಈ ಮಾತನ್ನು ನೇರವಾಗಿ ಹೇಳಲೇಬೇಕು. ಮದುವೆಯ ಟೋಸ್ಟ್, ಕ್ರಿಸ್ಮಸ್ಸಿನ ಮನೆಯ ವೈನು, ಹಬ್ಬದೂಟದ ಮುನ್ನ ಹಿರಿಯರಿಗೊಂದು ಪೆಗ್ಗು ನಮ್ಮಲ್ಲಿ ಹಲವೆಡೆ ಉಪಚಾರದ ಭಾಗವೇ ಆಗಿವೆ. ಮದ್ಯವೂ ಗಾಬಾದ ದಾರಿಯಲ್ಲೇ ಕೆಲಸ ಮಾಡುತ್ತದೆ. ಮಾತ್ರೆ ಮತ್ತು ಮದ್ಯ ಸೇರಿದಾಗ ಒಂದು ಮತ್ತು ಒಂದು ಎರಡಾಗುವುದಿಲ್ಲ, ಹೆಚ್ಚೇ ಆಗಬಹುದು. "ಮಾತ್ರೆ ನಿನ್ನೆ ರಾತ್ರಿಯದು, ಇಂದು ಸಂಜೆ ಒಂದು ಲೋಟಕ್ಕೇನು?" ಎನ್ನುವವರಿದ್ದಾರೆ. ಕ್ಲೊನಾಜೆಪಾಮ್‌ನ ಅರ್ಧಭಾಗ ದೇಹದಿಂದ ಹೊರಹೋಗಲು 30 ರಿಂದ 40 ಗಂಟೆಗಳು ಬೇಕು. ನಿನ್ನೆಯ ಮಾತ್ರೆ ಇಂದಿನ ಸಂಜೆಯೂ ರಕ್ತದಲ್ಲಿದ್ದೇ ಇರುತ್ತದೆ. ಆದುದರಿಂದ ಹಬ್ಬದ ಮನೆಯಲ್ಲಿ ಯಾರಾದರೂ "ನನಗೆ ಬೇಡ" ಎಂದರೆ ದಯವಿಟ್ಟು ಒತ್ತಾಯ ಮಾಡಬೇಡಿ, ಕಾರಣವನ್ನೂ ಕೇಳಬೇಡಿ. ನಿಂಬೆಹಣ್ಣಿನ ಶರಬತ್ತಿನಲ್ಲೂ ವಧೂವರರಿಗೆ ಶುಭ ಕೋರಬಹುದು.

ಮೂರನೆಯದು ಚೀಟಿಯಿಲ್ಲದೆ ಕೊಳ್ಳುವ ಸಣ್ಣಪುಟ್ಟ ಔಷಧಗಳು. ನೆಗಡಿ ಕೆಮ್ಮಿನ ಅನೇಕ ಸಿರಪ್ಪುಗಳಲ್ಲಿ ನಿದ್ದೆ ಬರಿಸುವ ಅಂಶವಿರುತ್ತದೆ. ಕೆಲವುಗಳಲ್ಲಿರುವ ಡೆಕ್ಸ್ಟ್ರೊಮೆಥಾರ್ಫನ್ ಸೆರೊಟೋನಿನ್ ಮಾತ್ರೆಗಳೊಡನೆ ಹೊಂದುವುದಿಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಸೆರೊಟೋನಿನ್ ಮಾತ್ರೆಗಳ ಜೊತೆ ಸೇರಿದರೆ ಜಠರದಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಹೃದಯಕ್ಕಾಗಿ ಆಸ್ಪಿರಿನ್ ಸೇವಿಸುವ ಹಿರಿಯರು ಇದನ್ನು ವೈದ್ಯರ ಗಮನಕ್ಕೆ ತರಬೇಕು. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ವೃದ್ಧರಲ್ಲಿ ಸೆರೊಟೋನಿನ್ ಮಾತ್ರೆಯೂ ಸೇರಿದಾಗ ರಕ್ತದಲ್ಲಿ ಸೋಡಿಯಂ ಇಳಿದು ಗೊಂದಲ, ನಿಶ್ಶಕ್ತಿ ಉಂಟಾಗಬಹುದು. ಅದನ್ನು ಮುಪ್ಪಿನ ಮರೆವೆಂದು ಸುಮ್ಮನಿರಬಾರದು. ನಡುಕ ಮತ್ತು ಎದೆಬಡಿತಕ್ಕೆ ಕೊಡುವ ಪ್ರೊಪ್ರಾನೊಲಾಲ್ ಆಸ್ತಮಾ ಇರುವವರಿಗೆ ಅಪಾಯಕಾರಿ. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಇಳಿದಾಗ ಕಾಣುವ ಎದೆಬಡಿತದ ಮುನ್ಸೂಚನೆಯನ್ನು ಅದು ಮರೆಮಾಡುತ್ತದೆ.

ನಾಲ್ಕನೆಯದು "ಗಿಡಮೂಲಿಕೆಯಿಂದ ಏನೂ ಆಗುವುದಿಲ್ಲ" ಎಂಬ ನಂಬಿಕೆ. ಯುರೋಪಿನಲ್ಲಿ ಸ್ನಾನಿಕ ಯೊವಾನ್ನರ ಹಬ್ಬದ ಹೊತ್ತಿಗೆ, ಜೂನ್ ತಿಂಗಳಲ್ಲಿ, ಹಳದಿ ಹೂ ಬಿಡುವ ಗಿಡವೊಂದಿದೆ. ಸಂತರ ಹೆಸರನ್ನೇ ಹೊತ್ತಿರುವ ಆ ಗಿಡದ ಮಾತ್ರೆಗಳನ್ನು ಮನಸ್ಸಿನ ನೆಮ್ಮದಿಗೆಂದು ಸೇಂಟ್ ಜಾನ್ಸ್ ವರ್ಟ್ ಎಂಬ ಹೆಸರಿನಲ್ಲಿ ಮಾರುತ್ತಾರೆ. ವಿದೇಶದಿಂದ ಬರುವ ಮಕ್ಕಳು ಅದನ್ನು ಪ್ರೀತಿಯಿಂದ ತಂದುಕೊಡುವುದುಂಟು. ಅದು ಎಸ್ಸಿಟಾಲೊಪ್ರಾಮ್‌ನಂಥ ಮಾತ್ರೆಯೊಡನೆ ಸೇರಿ ಸೆರೊಟೋನಿನ್ ಮಿತಿಮೀರಿಸಬಲ್ಲದು. ಅಲ್ಪ್ರಾಜೋಲಾಮ್ ಮೊದಲಾದವುಗಳ ಬಲವನ್ನು ಕುಗ್ಗಿಸಬಲ್ಲದು. ನಮ್ಮ ಅಶ್ವಗಂಧವೂ ನಿದ್ದೆಯ ಮಾತ್ರೆಗಳ ಮಂಪರನ್ನು ಹೆಚ್ಚಿಸಬಹುದು. ಸಂತರ ಹೆಸರಿರಲಿ, ಅಜ್ಜಿಯ ಕಾಲದ ಬೇರಿರಲಿ, ವೈದ್ಯರಿಗೆ ಹೇಳಿಯೇ ಸೇವಿಸಬೇಕು.

ಇನ್ನು ವಿಶ್ವಾಸದ ಮಾತಿಗೆ ಬರುತ್ತೇನೆ. ನನಗೆ ತಿಳಿದ ಕುಟುಂಬವೊಂದರಲ್ಲಿ ತಾಯಿಯೊಬ್ಬರು ಹಲವು ವರ್ಷಗಳಿಂದ ಅಲ್ಪ್ರಾಜೋಲಾಮ್ ಸೇವಿಸುತ್ತಿದ್ದರು. ಮೂರು ದಿನಗಳ ಧ್ಯಾನಕೂಟದಿಂದ ಹಿಂತಿರುಗಿದವರೇ, "ಸ್ವಾಮಿ ನನ್ನನ್ನು ಗುಣಪಡಿಸಿದ್ದಾರೆ" ಎಂದು ಎಲ್ಲ ಮಾತ್ರೆಗಳನ್ನೂ ಒಲೆಗೆ ಹಾಕಿದರು. ಎರಡು ರಾತ್ರಿ ನಿದ್ದೆಯಿಲ್ಲ, ಮೂರನೆಯ ದಿನ ಮೈಯೆಲ್ಲ ನಡುಕ, ನಾಲ್ಕನೆಯ ದಿನ ಅಪಸ್ಮಾರ. ಆಸ್ಪತ್ರೆಯಲ್ಲಿ ಬದುಕಿಕೊಂಡರು. ಆದರೆ ದೇಹಕ್ಕಿಂತ ಹೆಚ್ಚು ನೊಂದದ್ದು ಅವರ ಮನಸ್ಸು. ತನ್ನ ವಿಶ್ವಾಸವೇ ಸಾಲದಾಯಿತೆಂದು ಅವರು ಎಷ್ಟೋ ದಿನ ಅತ್ತರು.

ಅವರ ವಿಶ್ವಾಸದಲ್ಲಿ ಕೊರತೆಯಿರಲಿಲ್ಲ. ಬಹುಕಾಲ ಸೇವಿಸಿದ ಬೆಂಜೊಡಯಾಜೆಪಿನ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಯಾರ ಮಿದುಳಾದರೂ ಹಾಗೆಯೇ ಕೆರಳುತ್ತದೆ. ಸೆರೊಟೋನಿನ್ ಮಾತ್ರೆಗಳನ್ನು ಥಟ್ಟನೆ ಬಿಟ್ಟರೂ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟು ಹೊಡೆದಂತಹ ಅನುಭವ ಆಗುತ್ತವೆ. ಹತ್ತು ಮಂದಿ ಕುಷ್ಠರೋಗಿಗಳ ಪ್ರಸಂಗವನ್ನು ನೆನೆಯಿರಿ. ಪ್ರಭು ಯೇಸು ಅವರನ್ನು ಯಾಜಕರ ಬಳಿಗೆ ಕಳುಹಿಸಿದರು. ಆ ಕಾಲದಲ್ಲಿ ರೋಗ ಹೋಗಿದೆಯೆಂದು ಪರೀಕ್ಷಿಸಿ ಹೇಳಬೇಕಾದವರು ಯಾಜಕರೇ ಆಗಿದ್ದರು. ಸ್ವತಃ ಗುಣಪಡಿಸಿದವರೇ ಆ ಪರೀಕ್ಷೆಯನ್ನು ಕಡೆಗಣಿಸಲಿಲ್ಲ. ಹಾಗಾದರೆ ಪ್ರಾರ್ಥನೆಯಿಂದ ಗುಣವಾಯಿತೆಂದು ನಂಬುವ ನಾವು, "ಡಾಕ್ಟರೇ, ನೋಡಿ, ಮಾತ್ರೆ ಇಳಿಸಬಹುದೇ?" ಎಂದು ಕೇಳುವುದರಲ್ಲಿ ಯಾವ ಅವಿಶ್ವಾಸವಿದೆ? ದೇವರು ಕೊಟ್ಟ ಗುಣ ವೈದ್ಯರ ಕಣ್ಣಿಗೂ ಕಾಣುತ್ತದೆ. ಸಿರಾಖನ ಗ್ರಂಥದ 38ನೆಯ ಅಧ್ಯಾಯವು ವೈದ್ಯನನ್ನು ಗೌರವಿಸಬೇಕೆಂದೂ ಔಷಧವು ದೇವರ ಸೃಷ್ಟಿಯೆಂದೂ ಬೋಧಿಸುತ್ತದೆ. ಅದೇ ಅಧ್ಯಾಯವು ರೋಗಿಯು ಪ್ರಾರ್ಥಿಸಬೇಕೆಂದೂ ಹೇಳುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ಅದು ಎಲ್ಲಿಯೂ ಹೇಳುವುದಿಲ್ಲ.

ಉಪವಾಸದ ವಿಷಯದಲ್ಲೂ ಕೆಲವರಿಗೆ ಅನುಮಾನವಿದೆ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವನ್ನು ವಿಧಿಸುವ ಧರ್ಮಸಭೆಯ ಕಾನೂನು ಸಂಹಿತೆಯ 919ನೆಯ ನಿಯಮವೇ ನೀರನ್ನೂ ಔಷಧವನ್ನೂ ಅದರಿಂದ ಹೊರಗಿಟ್ಟಿದೆ. ವೃದ್ಧರು, ರೋಗಿಗಳು ಮತ್ತು ಅವರ ಆರೈಕೆ ಮಾಡುವವರು ಆ ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು. ಆದುದರಿಂದ ತಪಸ್ಸುಕಾಲದಲ್ಲಿ ಮಾಂಸ ಬಿಡಿ, ಸಿಹಿ ಬಿಡಿ, ಮಾತ್ರೆಯನ್ನು ಮಾತ್ರ ಬಿಡಬೇಡಿ.

ಹಾಗಾದರೆ ನಾವು ಮಾಡಬೇಕಾದುದೇನು? ಒಂದು ಹಾಳೆ ತೆಗೆದುಕೊಳ್ಳಿ. ಮನೆಯ ಪ್ರತಿಯೊಬ್ಬರ ಹೆಸರಿನಲ್ಲಿ ಅವರು ಸೇವಿಸುವ ಎಲ್ಲ ಮಾತ್ರೆಗಳ ಮೂಲ ಹೆಸರು, ಪ್ರಮಾಣ, ಹೊತ್ತು, ಬರೆದುಕೊಟ್ಟ ವೈದ್ಯರು ಇಷ್ಟನ್ನು ಬರೆಯಿರಿ. ಕಷಾಯ, ಲೇಹ್ಯ, ಸಿರಪ್ಪುಗಳನ್ನೂ ಸೇರಿಸಿ. ಯಾವ ವೈದ್ಯರ ಬಳಿ ಹೋದರೂ, ಹಲ್ಲಿನ ವೈದ್ಯರ ಬಳಿಗೇ ಆದರೂ, ಅವರು ಪೆನ್ನು ಎತ್ತುವ ಮುಂಚೆ ಆ ಹಾಳೆಯನ್ನು ಮೇಜಿನ ಮೇಲಿಡಿ. ಸಾಧ್ಯವಾದಷ್ಟೂ ಒಂದೇ ಔಷಧಿ ಅಂಗಡಿಯಲ್ಲಿ ಕೊಳ್ಳಿ. ಒಂದು ಹೊತ್ತು ಮರೆತರೆ ಮರುಹೊತ್ತಿಗೆ ಎರಡು ನುಂಗಬೇಡಿ. ಹೊಸ ಮಾತ್ರೆ ಆರಂಭಿಸಿದ ದಿನಗಳಲ್ಲಿ ಸ್ಕೂಟರು ಓಡಿಸಬೇಡಿ. ವೃದ್ಧರು ರಾತ್ರಿ ಬಚ್ಚಲಿಗೆ ಎದ್ದಾಗ ದೀಪ ಹಾಕಿಯೇ ನಡೆಯಲಿ, ಏಕೆಂದರೆ ಈ ಮಾತ್ರೆಗಳಿಂದ ಬಿದ್ದು ಮೂಳೆ ಮುರಿಯುವ ಸಂಭವ ಹೆಚ್ಚು. ಗರ್ಭಿಣಿಯರು ತಾವಾಗಿಯೇ ನಿಲ್ಲಿಸಲೂ ಬಾರದು, ಕೇಳದೆ ಮುಂದುವರಿಸಲೂ ಬಾರದು.

ಚೀಟಿ ಕೇಳುವ ಅಂಗಡಿಯವರ ಮೇಲೆ ಕೋಪಿಸಿಕೊಳ್ಳಬೇಡಿ. 2014ರ ಮಾರ್ಚ್ ತಿಂಗಳಿನಿಂದ ಜಾರಿಯಲ್ಲಿರುವ ನಿಯಮದಂತೆ ಅಲ್ಪ್ರಾಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್, ಟ್ರಮಡಾಲ್ ಮುಂತಾದವು ಎಚ್1 ಎಂಬ ಪಟ್ಟಿಯಲ್ಲಿವೆ. ಅವುಗಳನ್ನು ಮಾರುವಾಗ ರೋಗಿಯ ಮತ್ತು ವೈದ್ಯರ ಹೆಸರನ್ನು ಬರೆದಿಟ್ಟು, ಆ ಪುಸ್ತಕವನ್ನು ಮೂರು ವರ್ಷ ಕಾಪಾಡುವುದು ಅಂಗಡಿಯವರ ಕರ್ತವ್ಯ. ಆ ಕಿರಿಕಿರಿ ನಮ್ಮ ಕಾವಲಿಗೇ ಇದೆ.

ಮಾತ್ರೆ ಸೇವಿಸಿದವರನ್ನು ಎಬ್ಬಿಸಲಾಗದಿದ್ದರೆ, ಉಸಿರು ತೀರ ನಿಧಾನವಾಗಿದ್ದರೆ, ತುಟಿ ನೀಲಿಗಟ್ಟಿದರೆ, ಅಪಸ್ಮಾರ ಬಂದರೆ ತಡಮಾಡದೆ 108ಕ್ಕೆ ಕರೆಮಾಡಿ. ನುಂಗಿದ ಮಾತ್ರೆಗಳ ಸ್ಟ್ರಿಪ್ಪುಗಳನ್ನು ಜೊತೆಯಲ್ಲೇ ಒಯ್ಯಿರಿ. ಮನಸ್ಸಿನ ಸಂಕಟಕ್ಕೆ ಯಾರನ್ನು ಕೇಳುವುದೆಂದು ತೋಚದಿದ್ದಾಗ 14416 ಸಂಖ್ಯೆಗೆ ಕರೆಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಉಚಿತ ಸರ್ಕಾರಿ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಿ ಸಂಸ್ಥೆ. ಕನ್ನಡದಲ್ಲೇ ಮಾತನಾಡಬಹುದು.

ಬೆಲ್ಜಿಯಂ ದೇಶದಲ್ಲಿ ಗೇಲ್ ಎಂಬ ಪಟ್ಟಣವಿದೆ. ಮನೋರೋಗಿಗಳ ಪಾಲಕಿಯಾದ ಸಂತ ಡಿಂಪ್ನಾಳ ಪುಣ್ಯಕ್ಷೇತ್ರ ಅದು. ಮಧ್ಯಯುಗದಲ್ಲಿ ಅಲ್ಲಿಗೆ ಬಂದ ರೋಗಿಗಳು ಎಷ್ಟೊಂದಾದರೆಂದರೆ, ದೇವಾಲಯದಲ್ಲಿ ಸ್ಥಳ ಸಾಲದೆ ಊರಿನ ಕುಟುಂಬಗಳೇ ಅವರನ್ನು ತಮ್ಮ ಮನೆಗಳಿಗೆ ಕರೆದುಕೊಂಡವು. ಆ ಪದ್ಧತಿ ಇಂದಿಗೂ ಅಲ್ಲಿ ಜೀವಂತವಾಗಿದೆ. ಯಾರ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಎಂಬುದು ಊರಿಗೆಲ್ಲ ಗೊತ್ತು. ಗೊತ್ತಿರುವುದರಿಂದಲೇ ಎಲ್ಲರೂ ಕಣ್ಣಿಟ್ಟು ನೋಡಿಕೊಳ್ಳುತ್ತಾರೆ. ನಮ್ಮ ಧರ್ಮಕೇಂದ್ರಗಳು ಒಮ್ಮೆಲೇ ಗೇಲ್ ಆಗಲಾರವು. ಆದರೆ ಫೆಬ್ರವರಿ 11ರ ವಿಶ್ವ ರೋಗಿಗಳ ದಿನದಂದು ಬಿ.ಪಿ., ಸಕ್ಕರೆ ಕಾಯಿಲೆಯವರ ಜೊತೆ ಮನಸ್ಸಿನ ಕಾಯಿಲೆಯವರನ್ನೂ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಸೇರಿಸಬಹುದಲ್ಲವೇ?

ನನ್ನ ರಾತ್ರಿಯ ಮಾತ್ರೆಯನ್ನು ವೈದ್ಯೆ ಏಳು ವಾರಗಳಲ್ಲಿ ಇಳಿಸಿ ನಿಲ್ಲಿಸಿದರು. ಬೆಳಗಿನ ಮಾತ್ರೆ ಒಂದೂವರೆ ವರ್ಷ ನಡೆಯಿತು. ಆ ದಿನಗಳಲ್ಲಿ ಗೆತ್ಸೆಮನಿಯ ತೋಪಿನಲ್ಲಿ ಬೆವರಿದ ಪ್ರಭುವನ್ನು ನೆನೆಯುತ್ತಿದ್ದೆ. ತಮ್ಮ ಸಂಕಟವನ್ನು ಅವರು ಶಿಷ್ಯರಿಂದ ಮುಚ್ಚಿಡಲಿಲ್ಲ. ಜೊತೆಯಲ್ಲಿ ಎಚ್ಚರವಾಗಿರಿ ಎಂದು ಬೇಡಿಕೊಂಡರು. ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೂ ಒಬ್ಬರು ಹಾಗೆ ಕೇಳಲಾರದೆ ಕುಳಿತಿರಬಹುದು. ಈ ಭಾನುವಾರ ಸಂಜೆ, ಜಪಸರದ ಪ್ರಾರ್ಥನೆ ಮುಗಿದ ಮೇಲೆ, ಆ ಹಾಳೆಯನ್ನು ಎಲ್ಲರೂ ಕೂಡಿ ಬರೆಯಿರಿ. ಬೀರುವಿನೊಳಗಿನ ಮಾತ್ರೆಯ ಹೆಸರೂ ಅದರಲ್ಲಿ ಸೇರಲಿ. ಸೇರಿಸಿದವರನ್ನು ಯಾರೂ ಪ್ರಶ್ನಿಸದಿರಲಿ.